ಆನ್‌ಲೈನ್ ಪ್ರಾಕ್ಟರಿಂಗ್ ತಂತ್ರಾಂಶ ಕೊಳ್ಳುವ ಮುಂಚೆ ಪರೀಕ್ಷಿಸುವುದು ಹೇಗೆ? ನಮ್ಮ ಕಡೆಯ ಕಾಲೇಜುಗಳಿಗೆ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜುಗಳ ಪರೀಕ್ಷಾ ವಿಭಾಗದವರು ಫೋನ್ ಮಾಡಿದಾಗೆಲ್ಲ ಹೇಳುವುದು ಹೆಚ್ಚುಕಮ್ಮಿ ಒಂದೇ ಕಥೆ. ಪ್ರಾಕ್ಟರಿಂಗ್ ತಂತ್ರಾಂಶ, ಅಂದರೆ ಪರೀಕ್ಷೆ ಬರೆಯುವವರನ್ನು ಕ್ಯಾಮೆರಾ, ಪರದೆ ಮೂಲಕ ದೂರದಿಂದಲೇ ಕಾಯುವ ತಂತ್ರಾಂಶ, ಮಾರುವ ಕಂಪನಿಯವರು ಬಂದರು, ಸಭಾಂಗಣದಲ್ಲಿ ಡೆಮೊ ತೋರಿಸಿದರು, ಎಲ್ಲ ಚೆನ್ನಾಗಿತ್ತು. ಪರೀಕ್ಷೆ ದಿನ ಮಾತ್ರ ಎಷ್ಟೋ ಮಕ್ಕಳಿಗೆ ಲಾಗಿನ್ ಆಗಲಿಲ್ಲ. ಆದವರಲ್ಲಿ ಏನೂ ಮಾಡದವರ ಹೆಸರೇ ಅನುಮಾನಿತರ ಕೆಂಪು ಪಟ್ಟಿಯಲ್ಲಿ ಜಾಸ್ತಿ ಬಂತು. ಆ ವಿಡಿಯೊಗಳನ್ನು ಯಾರು ಕೂತು ನೋಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ.

ಇದರಲ್ಲಿ ಹೆಚ್ಚಿನ ಪಾಲು ಕ್ರಮದ ತಪ್ಪು. ಮೊದಲು ಡೆಮೊ, ಆಮೇಲೆ ಟೆಂಡರ್, ಕೊನೆಗೆ ವಿದ್ಯಾರ್ಥಿ. ಈ ಸಾಲನ್ನು ತಿರುಗಿಸಿ. ಸಿಂಧನೂರು ಹತ್ತಿರದ ಹಳ್ಳಿಯಲ್ಲಿ ಹಳೇ ಫೋನ್ ಹಿಡಿದು ಕೂತ ವಿದ್ಯಾರ್ಥಿಯಿಂದ ಶುರು ಮಾಡಿ, ಡೆಮೊವನ್ನು ಮಧ್ಯಕ್ಕೆ ತನ್ನಿ. ಕೆಳಗಿನ ಹತ್ತು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎಂಟು ಹತ್ತು ವಾರ ಹಿಡಿಯುತ್ತದೆ. ಸೆಮಿಸ್ಟರ್ ಪರೀಕ್ಷೆಗೆ ಹದಿನೈದು ದಿನ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

## ಮೊದಲು ಕೂಡಿಸಿಕೊಳ್ಳಬೇಕಾದ್ದು

ಎರಡು ಮೂರು ವರ್ಷ ಬಳಸಿದ ನಾಲ್ಕೈದು ಆಂಡ್ರಾಯ್ಡ್ ಫೋನ್ ಬೇಕು. ಅವುಗಳಲ್ಲಿ ಒಂದಕ್ಕೆ 2 ಅಥವಾ 3 ಜಿಬಿ ರ‍್ಯಾಮ್ ಇರಲಿ, ಇನ್ನೊಂದರ ಮೆಮೊರಿ ತುಂಬಿರಲಿ. 4 ಜಿಬಿ ರ‍್ಯಾಮ್‌ನ ಒಂದು ಹಳೇ ಲ್ಯಾಪ್‌ಟಾಪ್ ಬೇಕು. ವಿದ್ಯಾರ್ಥಿಗಳು ಬಳಸುವ ಎಲ್ಲ ಕಂಪನಿಗಳ ಸಿಮ್ ಬೇಕು. ಯೂನಿಕೋಡ್‌ನಲ್ಲಿ ಸಿದ್ಧ ಮಾಡಿದ ಒಂದು ಕನ್ನಡ ಪ್ರಶ್ನೆಪತ್ರಿಕೆ, ಒಂದು ದಪ್ಪ ನೋಟ್‌ಬುಕ್ ಬೇಕು. ಜೊತೆಗೆ ಪರೀಕ್ಷಾ ವಿಭಾಗಕ್ಕೆ ಸೇರದ, ಎಲ್ಲರೂ ನಂಬುವ ಒಬ್ಬ ಅಧ್ಯಾಪಕರು ಬೇಕು. ಅವರ ಕೆಲಸ ಐದನೇ ಹಂತದಲ್ಲಿ ಬರುತ್ತದೆ.

## ಹಂತ 1: ಯಾವ ಪರೀಕ್ಷೆಗೆ ಬೇಕು ಅಂತ ತೀರ್ಮಾನಿಸಿ

ಇಂಟರ್ನಲ್ಸ್, ಸೆಮಿಸ್ಟರ್ ಥಿಯರಿ ಪರೀಕ್ಷೆ, ಪಿಎಚ್‌ಡಿ ಪ್ರವೇಶ ಪರೀಕ್ಷೆ: ಇವು ಮೂರೂ ಬೇರೆ ಬೇರೆ. ಒಂದೊಂದನ್ನೂ ಬರೆದು ಪಕ್ಕದಲ್ಲಿ ಮೂರು ವಿಷಯ ತುಂಬಿ. ಬಹು ಆಯ್ಕೆ ಪ್ರಶ್ನೆಯೋ, ಹಾಳೆ ಮೇಲೆ ಬರೆಯುವುದೋ? ಮನೆಯಲ್ಲೋ, ಲ್ಯಾಬ್‌ನಲ್ಲೋ? ನಕಲು ನಡೆದರೆ ಆಗುವ ನಷ್ಟ ಎಷ್ಟು ದೊಡ್ಡದು?

10 ಅಂಕದ ಇಂಟರ್ನಲ್ಸ್‌ಗೆ ಮನೆಯ ಒಳಗೆ ಕ್ಯಾಮೆರಾ ಇಡಿಸುವುದು ನನ್ನ ದೃಷ್ಟಿಯಲ್ಲಿ ಅತಿಯಾಯಿತು. ಪ್ರಶ್ನೆ ಬ್ಯಾಂಕ್ ದೊಡ್ಡದು ಮಾಡಿ, ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ ಬರುವಂತೆ ಮಾಡಿದರೆ ಅಷ್ಟಕ್ಕೆ ಸಾಕು. ಪುಸ್ತಕ ನೋಡಿಯೇ ಬರೆಯಿರಿ ಅನ್ನುವ ಪ್ರಶ್ನೆ ಕೊಟ್ಟರೆ ಕಾವಲೇ ಬೇಡ. ಪದವಿ ನಿರ್ಧರಿಸುವ ಪರೀಕ್ಷೆಯಾದರೆ ಕೇಂದ್ರದಲ್ಲೇ ಕೂರಿಸುವುದು ಈಗಲೂ ಗಟ್ಟಿ ದಾರಿ. ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳನ್ನು ನೋಡಿ. ಪಾಠ, ಅಸೈನ್‌ಮೆಂಟ್ ಎಲ್ಲ ಆನ್‌ಲೈನ್, ಕೊನೆಯ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಬೇರೆ ವಿಂಡೋ ತೆರೆಯದಂತೆ ಕಂಪ್ಯೂಟರನ್ನು ಕಟ್ಟಿಹಾಕುವ ಲಾಕ್‌ಡೌನ್ ಬ್ರೌಸರ್ ಒಂದು. ವಿಡಿಯೊ ರೆಕಾರ್ಡ್ ಮಾಡಿ ಆಮೇಲೆ ಮನುಷ್ಯರು ನೋಡುವುದು ಎರಡನೆಯದು. ಎಐ ತಾನೇ ನೋಡಿ ಅನುಮಾನ ಬಂದ ಕಡೆ ಫ್ಲ್ಯಾಗ್ (ಎಚ್ಚರಿಕೆಯ ಗುರುತು) ಹಾಕುವುದು ಮೂರನೆಯದು. ಪರೀಕ್ಷೆ ನಡೆಯುವಾಗಲೇ ಮೇಲ್ವಿಚಾರಕರು ಪರದೆ ಮೇಲೆ ನೋಡುತ್ತಾ ಕೂರುವುದು ನಾಲ್ಕನೆಯದು. ನಿಮಗೆ ಯಾವುದು ಬೇಕು ಅಂತ ಈ ಹಂತದಲ್ಲೇ ಬರೆದಿಡಿ. ಇಲ್ಲದಿದ್ದರೆ ವೆಂಡರ್ ಮಾರಲು ಬಂದದ್ದೇ ನಿಮಗೆ ಬೇಕಾದದ್ದು ಆಗಿಬಿಡುತ್ತದೆ.

ಎಚ್ಚರಿಕೆ: ಲಾಕ್‌ಡೌನ್ ಬ್ರೌಸರ್ ಅಂದರೆ ಎಲ್ಲ ಸಾಧನದಲ್ಲೂ ನಡೆಯುತ್ತದೆ ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಸೇಫ್ ಎಕ್ಸಾಮ್ ಬ್ರೌಸರ್ ಉಚಿತ, ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ತಂತ್ರಾಂಶ 3.9ನೇ ಆವೃತ್ತಿಯಿಂದ ಅದಕ್ಕೆ ನೇರವಾಗಿ ಹೊಂದಿಕೊಳ್ಳುತ್ತದೆ, ಕೆಲಸವೂ ಚೆನ್ನಾಗಿದೆ. ಆದರೆ ಅದು ವಿಂಡೋಸ್, ಮ್ಯಾಕ್, ಐಫೋನ್, ಐಪ್ಯಾಡ್‌ಗೆ ಮಾತ್ರ. ಆಂಡ್ರಾಯ್ಡ್ ಫೋನ್ ಒಂದೇ ಇರುವ ವಿದ್ಯಾರ್ಥಿಗೆ ಅದು ಇದ್ದೂ ಇಲ್ಲದ ಹಾಗೆ. ಕಾಲೇಜು ಲ್ಯಾಬ್‌ನಲ್ಲೇ ಪರೀಕ್ಷೆ ಅಂದರೆ ಮಾತ್ರ ಅದನ್ನು ಧಾರಾಳವಾಗಿ ಬಳಸಿ.

## ಹಂತ 2: ವಿದ್ಯಾರ್ಥಿಗಳ ಪರಿಸ್ಥಿತಿ ಎಣಿಸಿ

ಗೂಗಲ್ ಫಾರ್ಮ್ ಕಳಿಸಿ ಎಣಿಸಬೇಡಿ. ನೆಟ್ ಇದ್ದವರು ಮಾತ್ರ ಅದನ್ನು ತುಂಬುತ್ತಾರೆ, ಅಲ್ವಾ? ತರಗತಿಯಲ್ಲಿ ಹಾಳೆ ಹಂಚಿ. ಯಾವ ಫೋನ್, ಅದು ಸ್ವಂತದ್ದೋ ಮನೆಯವರದ್ದೋ, ಮುಂದಿನ ಕ್ಯಾಮೆರಾ ಸರಿ ಇದೆಯೋ, ಯಾವ ಊರು, ಒಬ್ಬರೇ ಕೂರುವ ಕೋಣೆ ಇದೆಯೋ, ಮಧ್ಯಾಹ್ನ ಕರೆಂಟ್ ಇರುತ್ತದೋ. ಕೋಣೆಯ ಪ್ರಶ್ನೆ ಕೇಳುವಾಗ ಹೆಸರು ಬರೆಸಬೇಡಿ. ಒಂದೇ ಕೋಣೆಯ ಮನೆ ಅಂತ ಹೆಸರು ಹಾಕಿ ಬರೆಯಲು ಮಕ್ಕಳಿಗೆ ಮುಜುಗರ.

ಆಮೇಲೆ ಡೇಟಾ ಲೆಕ್ಕ. ವೆಂಡರ್‌ಗಳು ಸಾಮಾನ್ಯವಾಗಿ ಡೌನ್‌ಲೋಡ್ ವೇಗದ ಬಗ್ಗೆಯೇ ಮಾತಾಡುತ್ತಾರೆ. ಪ್ರಾಕ್ಟರಿಂಗ್‌ಗೆ ಬೇಕಿರುವುದು ಅಪ್‌ಲೋಡ್. ಕ್ಯಾಮೆರಾ ವಿಡಿಯೊ ಸೆಕೆಂಡಿಗೆ 300 ಕಿಲೋಬಿಟ್‌ನಂತೆ ಹೋದರೆ ಎರಡು ಗಂಟೆಗೆ 270 ಎಂಬಿ ಆಗುತ್ತದೆ. ಸ್ಕ್ರೀನ್ ರೆಕಾರ್ಡಿಂಗೂ ಅಷ್ಟೇ ಆದರೆ ಒಟ್ಟು 540 ಎಂಬಿ. ದಿನಕ್ಕೆ 1 ಜಿಬಿ ಪ್ಯಾಕ್ ಇರುವವನಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪರೀಕ್ಷೆ ಇಟ್ಟರೆ ಎರಡನೆಯದು ಮುಗಿಯುವ ಮುಂಚೆಯೇ ಪ್ಯಾಕ್ ಖಾಲಿ. ಅದೇ 30 ಸೆಕೆಂಡಿಗೊಂದು 50 ಕೆಬಿ ಫೋಟೊ ಮಾತ್ರ ಕಳಿಸುವ ವ್ಯವಸ್ಥೆಗೆ ಎರಡು ಗಂಟೆಗೆ ಬರೀ 12 ಎಂಬಿ ಸಾಕು. ಎರಡರ ನಡುವಿನ ಅಂತರ ನೋಡಿ.

ಲ್ಯಾಬ್‌ಗೂ ಇದೇ ಲೆಕ್ಕ. 40 ಕಂಪ್ಯೂಟರ್ ಒಟ್ಟಿಗೆ 300 ಕಿಲೋಬಿಟ್ ಕಳಿಸಿದರೆ ಸೆಕೆಂಡಿಗೆ 12 ಮೆಗಾಬಿಟ್ ಅಪ್‌ಲೋಡ್ ಬೇಕು. ಬಿಲ್ ಮೇಲೆ ಬರೆದ ವೇಗ ನಂಬಬೇಡಿ. ಕೆಲಸದ ದಿನ ಮಧ್ಯಾಹ್ನ, ಆಫೀಸಿನವರೂ ನೆಟ್ ಬಳಸುತ್ತಿರುವಾಗ, ಅಳೆದು ಬರೆದುಕೊಳ್ಳಿ.

ಊರುಗಳನ್ನೂ ಆರಿಸಿಕೊಳ್ಳಿ. ಬಳ್ಳಾರಿ ನಗರದಲ್ಲಿ ಸಿಗುವ ಸಿಗ್ನಲ್ ಸಂಡೂರಿನ ಗುಡ್ಡದ ಹಿಂದಿನ ಹಳ್ಳಿಯಲ್ಲಿ ಸಿಗುವುದಿಲ್ಲ. ದೇವದುರ್ಗ, ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ತಲಾ ಇಬ್ಬರು ವಿದ್ಯಾರ್ಥಿಗಳಿಗೆ ಹೇಳಿ, ಅವರ ಮನೆಯಿಂದಲೇ ಮೂರು ಹೊತ್ತು ಅಪ್‌ಲೋಡ್ ವೇಗ ಅಳೆಸಿ ಬರೆಸಿಕೊಳ್ಳಿ. ನಿಮ್ಮ ಮಾನದಂಡ ಆ ಪಟ್ಟಿಯ ಅತಿ ಕಡಿಮೆ ಅಂಕಿ. ಸರಾಸರಿ ತೆಗೆದರೆ ಹಳ್ಳಿಯವರು ಅದರೊಳಗೆ ಕಾಣೆಯಾಗುತ್ತಾರೆ.

## ಹಂತ 3: ಉತ್ತರ ಬರಹದಲ್ಲಿ ತರಿಸಿಕೊಳ್ಳಿ

ವೆಂಡರ್‌ನನ್ನು ಡೆಮೊಗೆ ಕರೆಯುವ ಮುಂಚೆ ಇಮೇಲ್‌ನಲ್ಲಿ ಈ ಪ್ರಶ್ನೆಗಳನ್ನು ಕಳಿಸಿ:

- ಆಂಡ್ರಾಯ್ಡ್‌ನ ಎಷ್ಟು ಹಳೆಯ ಆವೃತ್ತಿಯವರೆಗೆ ನಡೆಯುತ್ತದೆ? ಕನಿಷ್ಠ ರ‍್ಯಾಮ್, ಖಾಲಿ ಜಾಗ ಎಷ್ಟು ಬೇಕು?
- ನೆಟ್ ಹೋದರೆ ಉತ್ತರ ಎಲ್ಲಿ ಉಳಿಯುತ್ತದೆ? ಸಮಯ ನಿಲ್ಲುತ್ತದೋ ಓಡುತ್ತದೋ?
- ಯಾವ ಯಾವ ಕಾರಣಕ್ಕೆ ಫ್ಲ್ಯಾಗ್ ಬೀಳುತ್ತದೆ? ಒಂದೊಂದನ್ನೂ ನಾವು ಬಂದ್ ಮಾಡಬಹುದೋ?
- ವಿಡಿಯೊ ಯಾವ ದೇಶದ ಸರ್ವರ್‌ನಲ್ಲಿ, ಎಷ್ಟು ದಿನ ಇರುತ್ತದೆ? ಯಾರ್‍ಯಾರು ನೋಡಬಹುದು?
- ನಮ್ಮ ವಿದ್ಯಾರ್ಥಿಗಳ ಮುಖಗಳನ್ನು ನಿಮ್ಮ ಎಐ ಕಲಿಸಲು ಬಳಸುತ್ತೀರಾ?
- ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಪಟ್ಟಿಯಲ್ಲಿರುವ ಆಡಿಟರ್‌ನಿಂದ ಭದ್ರತಾ ಆಡಿಟ್ ಆಗಿದೆಯಾ? ವರದಿ ತೋರಿಸಿ.

ಫೋನಿನಲ್ಲಿ ಹೇಳಿದ್ದನ್ನು ಉತ್ತರ ಅಂತ ತೆಗೆದುಕೊಳ್ಳಬೇಡಿ. "ಅದೆಲ್ಲ ಆಗುತ್ತೆ ಸರ್, ಕಸ್ಟಮೈಸ್ ಮಾಡಿಕೊಡ್ತೀವಿ" ಅಂದರೆ ಈಗ ಇಲ್ಲ ಅಂತ ಅರ್ಥ. ಹಾಗೇ ಬರೆದುಕೊಳ್ಳಿ. "99 ಪರ್ಸೆಂಟ್ ನಿಖರ" ಅಂದವರಿಗೆ ಮರುಪ್ರಶ್ನೆ ಇದು: ಎಷ್ಟು ಜನರ ಮೇಲೆ, ಯಾವ ಬೆಳಕಿನಲ್ಲಿ, ಯಾವ ಫೋನಿನಲ್ಲಿ? ಇದಕ್ಕೆ ಉತ್ತರ ಬರದಿದ್ದರೆ ಆ ಅಂಕಿ ಬಿಟ್ಟುಬಿಡಿ.

## ಹಂತ 4: ಡೆಮೊ ನಿಮ್ಮ ಫೋನಿನಲ್ಲಿ ನಡೆಯಲಿ

ವೆಂಡರ್ ತಂದ ಲ್ಯಾಪ್‌ಟಾಪ್ ಮುಚ್ಚಿಸಿ. ನಿಮ್ಮ ಹಳೇ ಫೋನ್ ಕೊಟ್ಟು, ಕಾಲೇಜು ವೈಫೈ ಬಂದ್ ಮಾಡಿ, ಸಿಮ್ ಡೇಟಾದಲ್ಲಿ ಆ್ಯಪ್ ಇಳಿಸುವುದರಿಂದ ಶುರು ಮಾಡಿಸಿ. ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡುತ್ತಾ ಬರೆದುಕೊಳ್ಳಲಿ. ಆ್ಯಪ್ ಇಳಿಯಲು ಎಷ್ಟು ಹೊತ್ತು, ಗುರುತು ಪರಿಶೀಲನೆಗೆ ಎಷ್ಟು ಸಲ ಪ್ರಯತ್ನ, ಪ್ರಶ್ನೆ ಕಾಣಿಸಲು ಎಷ್ಟು ನಿಮಿಷ.

ಪರೀಕ್ಷೆ ಮಧ್ಯದಲ್ಲಿ ಆ ಫೋನಿಗೆ ಕರೆ ಮಾಡಿ. ಎರಡು ಸಿಮ್ ಇರುವ ಫೋನಾದರೆ ಡೇಟಾ ಇಲ್ಲದ ಸಿಮ್‌ಗೆ ಮಾಡಿ. ಕರೆ ಎತ್ತಿದರೆ ಹಲವು ಫೋನುಗಳಲ್ಲಿ ಇನ್ನೊಂದು ಸಿಮ್‌ನ ಡೇಟಾ ನಿಂತುಹೋಗುತ್ತದೆ. ಆಮೇಲೆ ಮೂರು ನಿಮಿಷ ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ. ಬರೆದ ಉತ್ತರ ಹಾಗೇ ಇದೆಯಾ? ಮತ್ತೆ ಒಳಗೆ ಬರಲು ಯಾರ ಅನುಮತಿ ಬೇಕು? "ಅಡ್ಮಿನ್ ರೀಸೆಟ್ ಮಾಡಬೇಕು" ಅಂದರೆ, ಒಂದೇ ಹೊತ್ತಿಗೆ ಇನ್ನೂರು ಮಕ್ಕಳಿಗೆ ರೀಸೆಟ್ ಮಾಡುವವರು ಯಾರು ಅಂತ ಅಲ್ಲೇ ಕೇಳಿ.

## ಹಂತ 5: ಗುಟ್ಟಿನ ಟ್ರಯಲ್ ನಡೆಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

60 ವಿದ್ಯಾರ್ಥಿಗಳನ್ನು ಒಪ್ಪಿಸಿ. ಅಂಕ ಇಲ್ಲದ ಒಂದು ಗಂಟೆಯ ಪರೀಕ್ಷೆ ಇಡಿ. 20 ಜನ ಲ್ಯಾಬ್‌ನಲ್ಲಿ, 20 ಜನ ಹಾಸ್ಟೆಲ್‌ನಲ್ಲಿ, 20 ಜನ ಹಳ್ಳಿಯ ಮನೆಯಲ್ಲಿ ಬರೆಯಲಿ. ಅವರ ಪೈಕಿ 12 ಜನರಿಗೆ ನಕಲು ಮಾಡಲು ನೀವೇ ಹೇಳಬೇಕು. ಒಬ್ಬಳು ತೊಡೆ ಮೇಲೆ ಇನ್ನೊಂದು ಫೋನ್ ಇಟ್ಟುಕೊಳ್ಳಲಿ. ಒಬ್ಬನ ಬದಲು ತಮ್ಮ ಕೂರಲಿ. ಕ್ಯಾಮೆರಾ ಹಿಂದೆ ನಿಂತು ಗೆಳೆಯ ಉತ್ತರ ಹೇಳಲಿ. ಕಿವಿಯಲ್ಲಿ ಬ್ಲೂಟೂತ್, ಎರಡನೇ ಮಾನಿಟರ್, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ: ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಉಳಿದ 48 ಜನ ಎಂದಿನಂತೆ ಬರೆಯಲಿ. ಯಾರಿಗೆ ಏನು ಹೇಳಿದೆ ಅನ್ನುವ ಪಟ್ಟಿ ಆ ನಂಬಿಕಸ್ತ ಅಧ್ಯಾಪಕರ ಲಕೋಟೆಯಲ್ಲಿ ಇರಲಿ. ಪರೀಕ್ಷಾ ವಿಭಾಗಕ್ಕೂ ಗೊತ್ತಾಗಬಾರದು, ವೆಂಡರ್‌ಗಂತೂ ಬೇಡವೇ ಬೇಡ. ವರದಿ ಕೈಗೆ ಬಂದ ಮೇಲೆ ಲಕೋಟೆ ಒಡೆಯಿರಿ.

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ಹೀಗೇ ಮಾಡಿ 2021ರಲ್ಲಿ ಪ್ರಕಟಿಸಿದರು. 30 ವಿದ್ಯಾರ್ಥಿಗಳು, ಅದರಲ್ಲಿ ನಕಲು ಮಾಡಲು ಹೇಳಿದ್ದು 6 ಜನರಿಗೆ. ಅವರು ಪರೀಕ್ಷಿಸಿದ ತಂತ್ರಾಂಶ ಆ ಆರು ಜನರಲ್ಲಿ ಒಬ್ಬರನ್ನೂ ಹಿಡಿಯಲಿಲ್ಲ. ಮನುಷ್ಯರು ಮತ್ತೆ ವಿಡಿಯೊ ನೋಡಿದಾಗ ಸಿಕ್ಕಿದ್ದು ಒಬ್ಬರು.

ಹಿಡಿದದ್ದು ಎಷ್ಟು ಅಂತ ಎಣಿಸುವುದು ಅರ್ಧ ಕೆಲಸ. 48 ಜನರಲ್ಲಿ ಸುಮ್ನೆ ಸಿಕ್ಕಿಬಿದ್ದವರು ಎಷ್ಟು ಅಂತ ಎಣಿಸುವುದು ಇನ್ನರ್ಧ. ಇದು ಯಾಕೆ ಮುಖ್ಯ ಅಂತ ಒಂದು ಲೆಕ್ಕ ಹಾಕಿ ನೋಡಿ. 1000 ವಿದ್ಯಾರ್ಥಿಗಳಲ್ಲಿ 20 ಜನ ನಕಲು ಮಾಡುತ್ತಾರೆ ಅಂದುಕೊಳ್ಳಿ. ತಂತ್ರಾಂಶ ನಕಲು ಮಾಡಿದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಪ್ರಾಮಾಣಿಕರಲ್ಲಿ ನೂರಕ್ಕೆ 5 ಜನರ ಮೇಲೆ ಮಾತ್ರ ತಪ್ಪಾಗಿ ಫ್ಲ್ಯಾಗ್ ಹಾಕುತ್ತದೆ ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಪಟ್ಟಿಯಲ್ಲಿ ಬರುವುದು 18 ಕಳ್ಳರು, 49 ಅಮಾಯಕರು. 67 ಜನರ ಕೆಂಪು ಪಟ್ಟಿಯಲ್ಲಿ ಮುಕ್ಕಾಲು ಪಾಲು ಏನೂ ಮಾಡದವರು! ಕ್ಯಾಲಿಫೋರ್ನಿಯಾದಲ್ಲಿ 2020ರ ಅಕ್ಟೋಬರ್‌ನಲ್ಲಿ ಆನ್‌ಲೈನ್‌ನಲ್ಲಿ ನಡೆದ ವಕೀಲರ ಪರೀಕ್ಷೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಭ್ಯರ್ಥಿಗಳ ಮೇಲೆ ಫ್ಲ್ಯಾಗ್ ಬಿದ್ದಿತ್ತು. ಪರಿಶೀಲಿಸಿದ ಮೇಲೆ ಹೆಚ್ಚಿನವರ ಮೇಲಿನ ಅನುಮಾನ ಕೈಬಿಡಬೇಕಾಯಿತು.

ನಮ್ಮ ಕಡೆ ತಪ್ಪು ಫ್ಲ್ಯಾಗ್‌ಗೆ ಕಾರಣಗಳೂ ನಮ್ಮವೇ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಂಡ ಒಂದು ಟ್ರಯಲ್‌ನಲ್ಲಿ ಯಲಬುರ್ಗಾ ಕಡೆಯ ಒಬ್ಬ ಹುಡುಗಿಯ ಹೆಸರಿನ ಮುಂದೆ "ಎರಡನೇ ವ್ಯಕ್ತಿ ಇದ್ದಾರೆ" ಅಂತ ಮತ್ತೆ ಮತ್ತೆ ಬಂತು. ಕರೆಸಿ ಕೇಳಿದರೆ ಕಣ್ಣಲ್ಲಿ ನೀರು. "ಸರ್, ನಾ ಏನೂ ಮಾಡಿಲ್ರೀ. ಹಿಂದ ಗ್ವಾಡಿ ಮ್ಯಾಲ ಅಜ್ಜಾರ ಫೋಟೋ ಐತ್ರೀ, ಅಷ್ಟ." ವಿಡಿಯೊ ನಿಲ್ಲಿಸಿ ನೋಡಿದೆ. ಅವಳ ಭುಜದ ಮೇಲ್ಗಡೆ, ಹಸಿರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ, ಅವಳು ಅಜ್ಜಾರು ಅಂದ ಕೊಪ್ಪಳ ಗವಿಮಠದ ಗವಿಸಿದ್ಧೇಶ್ವರರ ಫೋಟೊ. ಊದಿನಕಡ್ಡಿಯ ಹೊಗೆಗೆ ಗಾಜು ಸ್ವಲ್ಪ ಮಾಸಿತ್ತು. ಫ್ಯಾನ್ ತಿರುಗಿ ಬೆಳಕು ಅಲುಗಾಡಿದಾಗೆಲ್ಲ ತಂತ್ರಾಂಶಕ್ಕೆ ಅದು ಇನ್ನೊಂದು ಮುಖವಾಗಿ ಕಾಣುತ್ತಿತ್ತು. ಅದು ಅಂಕ ಇಲ್ಲದ ಪರೀಕ್ಷೆ. ನಿಜವಾದ ಪರೀಕ್ಷೆಯಾಗಿದ್ದು, ಆ ಪಟ್ಟಿಯನ್ನೇ ಯಾರೋ ಮಾಲ್‌ಪ್ರಾಕ್ಟೀಸ್ ಸಮಿತಿಗೆ ಕಳಿಸಿಬಿಟ್ಟಿದ್ದರೆ? ಅವತ್ತಿನಿಂದ ನಾನು ಯಾವ ಟ್ರಯಲ್‌ನಲ್ಲೂ ಈ ಸಂದರ್ಭಗಳನ್ನು ಬೇಕಂತಲೇ ಸೇರಿಸುತ್ತೇನೆ:

- ಹಿಂದಿನ ಗೋಡೆ ಮೇಲೆ ದೇವರ, ಮಠದ ಸ್ವಾಮಿಗಳ, ಹಿರಿಯರ ಫೋಟೊ ಅಥವಾ ಮುಖ ಇರುವ ಕ್ಯಾಲೆಂಡರ್.
- ತಲೆಗೆ ಸೆರಗು, ದುಪಟ್ಟಾ, ಹಿಜಾಬ್ ಹೊದ್ದವರು. ಹಾಲ್ ಟಿಕೆಟ್ ಫೋಟೊದಲ್ಲಿ ಹಾಗಿಲ್ಲದಿದ್ದರೆ ಗುರುತು ಹೊಂದುತ್ತದಾ?
- ತೊಡೆ ಮೇಲೆ ಮಗು ಇರುವ ತಾಯಂದಿರು. ಪಿಜಿ, ಬಿ.ಎಡ್ ಓದುವವರಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ.
- ಪ್ರಶ್ನೆಯನ್ನು ತುಟಿ ಅಲುಗಿಸಿ ಓದುವವರು.
- ಗಂಗಾವತಿಯ ರೈಸ್ ಮಿಲ್, ಬೀದಿಯ ಹಿಟ್ಟಿನ ಗಿರಣಿ, ಅದಿರು ಲಾರಿ, ಪಕ್ಕದ ಮನೆಯ ಟಿವಿ: ಮೈಕ್‌ಗೆ ಬೀಳುವ ಸದ್ದು.
- ಒಂದೇ ಕಿಟಕಿಯ ಕೋಣೆ, ಬೆಳಕು ಬೆನ್ನ ಹಿಂದೆ.

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ತಂತ್ರಾಂಶಗಳನ್ನು ಎಂಐಟಿಯಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಪ್ಪು ಬಣ್ಣದ ಹೆಣ್ಣುಮಕ್ಕಳ ವಿಷಯದಲ್ಲಿ ತಪ್ಪು 34.7 ಪರ್ಸೆಂಟ್‌ವರೆಗೆ ಹೋಗಿತ್ತು, ಬಿಳಿ ಗಂಡಸರ ವಿಷಯದಲ್ಲಿ 0.8 ದಾಟಿರಲಿಲ್ಲ. ಆಮೇಲೆ ತಂತ್ರಾಂಶಗಳು ಸುಧಾರಿಸಿವೆ ನಿಜ. ಆದರೂ ಬಿಸಿಲಲ್ಲಿ ಬೆಳೆದ ನಮ್ಮ ಮಕ್ಕಳ ಮುಖ, ಮಂದ ಬೆಳಕು, ಅಗ್ಗದ ಕ್ಯಾಮೆರಾ ಮೂರೂ ಸೇರಿದಾಗ ಏನಾಗುತ್ತದೆ ಅಂತ ನೀವೇ ಕಣ್ಣಾರೆ ನೋಡಬೇಕು.

ಬಿಸಿಲಿನ ಮಾತು ಬಂತಲ್ಲ, ಟ್ರಯಲ್ ಅನ್ನು ಸಾಧ್ಯವಾದರೆ ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ ಇಡಿ. ರಾಯಚೂರಿನಲ್ಲಿ ಆಗ 40 ಡಿಗ್ರಿ ದಾಟಿರುತ್ತದೆ. ತಗಡಿನ ಮನೆಯೊಳಗೆ ಕ್ಯಾಮೆರಾ, ಪರದೆ, ಡೇಟಾ ಮೂರೂ ಒಟ್ಟಿಗೆ ಓಡಿದರೆ ಫೋನ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ ಕ್ಯಾಮೆರಾ ತಾನೇ ಬಂದ್ ಆಗುತ್ತದೆ. ಡಿಸೆಂಬರ್ ಬೆಳಿಗ್ಗೆ ಪಾಸಾದ ಆ್ಯಪ್ ಮೇ ಮಧ್ಯಾಹ್ನ ಫೇಲ್ ಆಗಬಹುದು.

ನಿಲ್ಲಿಸಬೇಕಾದ ಸೂಚನೆ: ಪ್ರಾಮಾಣಿಕವಾಗಿ ಬರೆದ 48 ಜನರಲ್ಲಿ ಐದಕ್ಕಿಂತ ಜಾಸ್ತಿ ಜನರ ಮೇಲೆ ಗಂಭೀರ ಫ್ಲ್ಯಾಗ್ ಬಿದ್ದು, ಸೆಟ್ಟಿಂಗ್ ಬದಲಿಸಿದರೂ ಕಡಿಮೆಯಾಗದಿದ್ದರೆ, ನಾನಾದರೆ ಆ ತಂತ್ರಾಂಶ ಅಲ್ಲಿಗೇ ಕೈಬಿಡುತ್ತೇನೆ. ಹಳ್ಳಿಯ 20 ಜನರ ಪೈಕಿ ಮೂವರು ಪರೀಕ್ಷೆ ಮುಗಿಸಲಾಗದಿದ್ದರೂ ಅಷ್ಟೇ.

## ಹಂತ 6: ಕನ್ನಡದಲ್ಲಿ ನಡೆಸಿ ನೋಡಿ

ಹಳೇ ಪ್ರಶ್ನೆ ಬ್ಯಾಂಕುಗಳು ಎಷ್ಟೋ ಕಡೆ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲೇ (ಯೂನಿಕೋಡ್ ಅಲ್ಲದ್ದು) ಇವೆ. ಹಾಗೇ ಅಂಟಿಸಿದರೆ ಬ್ರೌಸರ್‌ನಲ್ಲಿ ಕಾಣುವುದು ಅರ್ಥವಿಲ್ಲದ ಅಕ್ಷರಗಳು. ಮೊದಲು ಯೂನಿಕೋಡ್‌ಗೆ ತಿರುಗಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ಅಂತ ಕನ್ನಡ ವಿಭಾಗದವರಿಂದ ಓದಿಸಿ.

ಕನ್ನಡದಲ್ಲಿ ಟೈಪ್ ಮಾಡಲು ಕೀಬೋರ್ಡ್ ಬದಲಿಸಬೇಕು. ಲಾಕ್ ಆದ ಬ್ರೌಸರ್‌ನಲ್ಲಿ ಆ ಬದಲಾವಣೆಗೆ ಅವಕಾಶ ಇದೆಯಾ, ಅದನ್ನೇ ಅನುಮಾನ ಅಂತ ದಾಖಲಿಸುತ್ತದಾ ಅಂತ ನೋಡಿ. ಸೂಚನೆಗಳೂ ಎಚ್ಚರಿಕೆಗಳೂ ಕನ್ನಡದಲ್ಲಿ ಬರಲೇಬೇಕು. ಪರೀಕ್ಷೆಯ ಆತಂಕದಲ್ಲಿರುವ ಹುಡುಗನ ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಕೆಂಪು ಎಚ್ಚರಿಕೆ ಬಂದರೆ ಅವನು ಗಾಬರಿಯಿಂದ ಆ್ಯಪ್ ಮುಚ್ಚುತ್ತಾನೆ.

ನಮ್ಮ ಹೆಚ್ಚಿನ ಪರೀಕ್ಷೆ ಹಾಳೆ ಮೇಲೆ ಬರೆದು ಫೋಟೊ ಕಳಿಸುವಂಥದ್ದು. ಬರೆಯುವವರು ಕೆಳಗೆ ನೋಡಲೇಬೇಕು. ನೋಟ ಬೇರೆ ಕಡೆ ಹೋದರೆ ಫ್ಲ್ಯಾಗ್ ಹಾಕುವ ಸೌಲಭ್ಯ ಇಂಥ ಪರೀಕ್ಷೆಗೆ ಪೂರ್ತಿ ಬಂದ್ ಇರಲಿ. ಅಪ್‌ಲೋಡ್‌ಗೆ ಬೇರೆ ಸಮಯ ಕೊಡಿ. 20 ಪುಟ, ಪುಟಕ್ಕೆ 2.5 ಎಂಬಿಯಂತೆ 50 ಎಂಬಿ. ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೂ ಏಳು ನಿಮಿಷ ಬೇಕು. ಫೋಟೊ ತೆಗೆಯುವುದೂ ಸೇರಿ ಅರ್ಧ ಗಂಟೆ ಇಡಿ.

ಅಂಗವಿಕಲ ವಿದ್ಯಾರ್ಥಿಗಳ ಪರೀಕ್ಷೆಯೂ ಈ ಹಂತದಲ್ಲೇ ಆಗಲಿ. ಬರೆಯುವ ಸಹಾಯಕರನ್ನು ತಂತ್ರಾಂಶ ಎರಡನೇ ವ್ಯಕ್ತಿ ಅಂತ ಹಿಡಿಯುತ್ತದೆ. ಪರದೆ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರನ್ನು ಲಾಕ್‌ಡೌನ್ ತಡೆಯಬಹುದು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಎರಡು ಗಂಟೆಗೆ 40 ನಿಮಿಷ ಆಯಿತು. ಒಬ್ಬೊಬ್ಬರಿಗೆ ಬೇರೆ ಸಮಯ ಇಡಲು ತಂತ್ರಾಂಶದಲ್ಲಿ ಆಗದಿದ್ದರೆ ಮುಂದೆ ಹೋಗಬೇಡಿ.

## ಹಂತ 7: ಫ್ಲ್ಯಾಗ್ ನೋಡುವವರನ್ನು ಗೊತ್ತು ಮಾಡಿ

ಕೊಂಡ ಮೇಲೆ ಯೋಚಿಸುವ ವಿಷಯ ಇದಲ್ಲ. 1000 ಜನರಲ್ಲಿ 150 ಜನರ ಮೇಲೆ ಫ್ಲ್ಯಾಗ್ ಬಿದ್ದು, ಒಬ್ಬರಿಗೆ 10 ನಿಮಿಷ ಹಿಡಿದರೆ ಒಟ್ಟು 25 ಗಂಟೆ. ಅದೂ ಒಂದು ಪೇಪರ್‌ಗೆ. ಆರು ಪೇಪರ್‌ಗೆ 150 ಗಂಟೆ. ಮೌಲ್ಯಮಾಪನದ ನಡುವೆ ಈ ಕೆಲಸ ಯಾರು ಮಾಡುತ್ತಾರೆ, ಅವರಿಗೆ ಸಂಭಾವನೆ ಎಷ್ಟು ಅಂತ ಆದೇಶದಲ್ಲೇ ಬರಲಿ.

ನಿಯಮ ಹೀಗಿರಲಿ. ಯಂತ್ರದ ಫ್ಲ್ಯಾಗ್ ಸಾಕ್ಷಿಯಲ್ಲ, ನೋಡಿ ಅಂತ ಹೇಳುವ ಸೂಚನೆ ಅಷ್ಟೇ. ಇಬ್ಬರು ಅಧ್ಯಾಪಕರು ಪ್ರತ್ಯೇಕವಾಗಿ ವಿಡಿಯೊ ನೋಡಬೇಕು. ಇಬ್ಬರೂ ಒಪ್ಪಿದರೆ ಮಾತ್ರ ಸಮಿತಿಗೆ ಹೋಗಬೇಕು. ವಿದ್ಯಾರ್ಥಿಗೆ ತನ್ನ ವಿಡಿಯೊ ತುಣುಕು ನೋಡುವ, ಉತ್ತರ ಹೇಳುವ ಅವಕಾಶ ಸಿಗಬೇಕು. ಕೊಠಡಿಯಲ್ಲಿ ಚೀಟಿ ಸಿಕ್ಕಿದವನ ಹೇಳಿಕೆಯನ್ನೇ ಬರೆಸಿಕೊಳ್ಳುವ ನಾವು, ಯಂತ್ರ ಹೇಳಿತು ಅಂತ ಮನೆಯಲ್ಲಿ ಕೂತು ಬರೆದವಳ ಮಾತು ಕೇಳದೆ ಇರುವುದು ನ್ಯಾಯವಲ್ಲ. ಶೇಕಡಾವಾರು ಅನುಮಾನದ ಅಂಕ ನೋಡಿ ತಾನೇ ಪರೀಕ್ಷೆ ನಿಲ್ಲಿಸುವ ಸೌಲಭ್ಯ ಇದ್ದರೆ ಅದನ್ನೂ ಬಂದ್ ಮಾಡಿಸಿ.

## ಹಂತ 8: ವಿದ್ಯಾರ್ಥಿಗಳ ಮಾಹಿತಿ ಕಾಯಿರಿ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೋಣೆಯನ್ನೆಲ್ಲ ಕ್ಯಾಮೆರಾ ತಿರುಗಿಸಿ ತೋರಿಸು ಅನ್ನುವುದು ತಪ್ಪು ಅಂತ 2022ರಲ್ಲಿ ಅಮೆರಿಕದ ಓಹಿಯೊದಲ್ಲಿ ಒಂದು ಫೆಡರಲ್ ಕೋರ್ಟ್ ವಿದ್ಯಾರ್ಥಿಯ ಪರವಾಗಿ ತೀರ್ಪು ಕೊಟ್ಟಿತು. ನಮಗೆ ಅದು ಕಾನೂನಲ್ಲ. ಆದರೂ ಒಂದೇ ಕೋಣೆಯ ಮನೆಯಲ್ಲಿ ಬಾಣಂತಿ ಅಕ್ಕ, ಮಲಗಿದ ಅಜ್ಜಿ ಎಲ್ಲರೂ ಇರುತ್ತಾರೆ. ಅವರನ್ನೆಲ್ಲ ರೆಕಾರ್ಡ್ ಮಾಡುವ ಹಕ್ಕು ನಮಗೆ ಇಲ್ಲ. ರೂಮ್ ಸ್ಕ್ಯಾನ್ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳು ಅಂತಲೇ ಎಣಿಸುತ್ತದೆ. ಮೊದಲ ವರ್ಷದ ಪದವಿಯಲ್ಲಿ 17 ವಯಸ್ಸಿನವರು ಇರುತ್ತಾರೆ. ಅವರ ಪೋಷಕರ ಒಪ್ಪಿಗೆ ಬೇಕಾಗಬಹುದು ಅನ್ನುವುದನ್ನು ಪ್ರವೇಶದ ಹೊತ್ತಿಗೇ ಯೋಚಿಸಿ, ನಿಮ್ಮ ಕಾನೂನು ಸಲಹೆಗಾರರಿಂದ ಒಪ್ಪಿಗೆ ಪತ್ರ ಸಿದ್ಧ ಮಾಡಿಸಿ, ಕನ್ನಡದಲ್ಲಿ. ಗುರುತಿಗೆ ಕಾಲೇಜು ಐಡಿ, ಹಾಲ್ ಟಿಕೆಟ್ ಸಾಕು. ಆಧಾರ್ ಪ್ರತಿ ಅಪ್‌ಲೋಡ್ ಮಾಡಿಸಬೇಡಿ. ಮಾಹಿತಿ ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನುವ ನಿರ್ದೇಶನ 2022ರಿಂದ ಇದೆ. ನಿಮಗೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತೀರಿ ಅಂತ ವೆಂಡರ್‌ನಿಂದ ಬರೆಸಿಕೊಳ್ಳಿ.

## ಹಂತ 9: ಟೆಂಡರ್, ಹಣ

ಸರ್ಕಾರಿ ಸಂಸ್ಥೆಗಳಿಗೆ ಕೆಟಿಪಿಪಿ ಕಾಯ್ದೆ 1999 (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕರ್ನಾಟಕದ ಕಾಯ್ದೆ) ಅನ್ವಯಿಸುತ್ತದೆ. ಟೆಂಡರ್ ಪತ್ರದಲ್ಲಿ ಬರೆಯದ ಮಾನದಂಡವನ್ನು ಆಮೇಲೆ ತರಲು ಬರುವುದಿಲ್ಲ. ಹಾಗಾಗಿ ಟ್ರಯಲ್ ಪಾಸಾಗುವುದನ್ನು ತಾಂತ್ರಿಕ ಅರ್ಹತೆಯ ಭಾಗವಾಗಿ ಮೊದಲೇ ಸೇರಿಸಿ. ಮೇಲಿನ ಹಂತಗಳಲ್ಲಿ ನೀವು ಬರೆದಿಟ್ಟ ಅಂಕಿಗಳೇ ಇಲ್ಲಿ ಷರತ್ತುಗಳಾಗುತ್ತವೆ: ಹಳೇ ಫೋನ್, ಕಡಿಮೆ ಅಪ್‌ಲೋಡ್, ತಪ್ಪು ಫ್ಲ್ಯಾಗ್ ಮಿತಿ. ಹಣ ಲಾಗಿನ್ ಆದವರ ಲೆಕ್ಕಕ್ಕೆ ಬೇಡ, ಪರೀಕ್ಷೆ ಮುಗಿಸಿದವರ ಲೆಕ್ಕಕ್ಕೆ ಕೊಡಿ. ಮೂರು ವರ್ಷಕ್ಕೆ ಒಮ್ಮೆಗೇ ಕಟ್ಟಿಕೊಳ್ಳಬೇಡಿ, ಒಂದು ಸೆಮಿಸ್ಟರ್ ಸಾಕು.

## ಹಂತ 10: ಮೊದಲ ನಿಜವಾದ ಪರೀಕ್ಷೆ

ಚಿಕ್ಕದರಿಂದ ಶುರು ಮಾಡಿ: ಒಂದು ವಿಭಾಗ, ಒಂದು ಇಂಟರ್ನಲ್ಸ್. ವಾರದ ಮುಂಚೆ ಅಣಕು ಪರೀಕ್ಷೆ ಇಡಿ. ಅದರಲ್ಲಿ ಲಾಗಿನ್ ಆಗದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿ ಕಾರಣ ಕೇಳಿ. ಮನೆಯಲ್ಲಿ ಅನುಕೂಲ ಇಲ್ಲದವರಿಗೆ ಲ್ಯಾಬ್‌ನಲ್ಲಿ ಸೀಟು ಕಾದಿರಿಸಿ, ಅದನ್ನು ಎಲ್ಲರಿಗೂ ಹೇಳಿ. ಲ್ಯಾಬ್‌ನ ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಅಂತ ಮೇನ್ ಆಫ್ ಮಾಡಿಯೇ ನೋಡಿ, ಬ್ಯಾಟರಿ ಮೇಲಿನ ಚೀಟಿ ನೋಡಿ ನಂಬಬೇಡಿ.

ಪರೀಕ್ಷೆ ದಿನ ಕನ್ನಡದಲ್ಲಿ ಮಾತಾಡುವ ನಾಲ್ಕು ಜನ ಸಹಾಯವಾಣಿಯಲ್ಲಿ ಕೂರಲಿ. ಶುರುವಾಗಿ 15 ನಿಮಿಷಕ್ಕೆ ನೂರಕ್ಕೆ ಹತ್ತು ಜನರಿಗೆ ಇನ್ನೂ ಲಾಗಿನ್ ಆಗದೆ ಉಳಿದಿದ್ದರೆ, ಅಥವಾ ಒಂದೇ ಬಗೆಯ ಫ್ಲ್ಯಾಗ್ ಒಮ್ಮೆಲೇ ಎಲ್ಲರ ಮೇಲೂ ಬೀಳತೊಡಗಿದರೆ, ಪರೀಕ್ಷೆ ನಿಲ್ಲಿಸುವ ಅಧಿಕಾರ ಯಾರಿಗಿದೆ ಅಂತ ಮೊದಲೇ ಆದೇಶ ಹೊರಡಿಸಿ. ಆ ಹೊತ್ತಿಗೆ ಕುಲಸಚಿವರ ಫೋನ್ ಸಿಗಲಿಲ್ಲ ಅಂತ ಕಾಯುತ್ತಾ ಕೂರುವಂತೆ ಆಗಬಾರದು. ಬದಲಿ ಪ್ರಶ್ನೆಪತ್ರಿಕೆ, ಬದಲಿ ದಿನ ಕೈಯಲ್ಲಿ ಇರಲಿ.

ಫಲಿತಾಂಶ ಬಂದು, ಆಕ್ಷೇಪಣೆಯ ಅವಧಿ ಮುಗಿದ ಮೇಲೆ ವಿಡಿಯೊಗಳನ್ನು ಅಳಿಸಲು ವೆಂಡರ್‌ಗೆ ಪತ್ರ ಬರೆಯಿರಿ. ಅಳಿಸಿದ್ದೇವೆ ಅಂತ ಸಹಿ ಮಾಡಿದ ಉತ್ತರ ಬಂದ ಮೇಲೆಯೇ ಕೊನೆಯ ಕಂತಿನ ಬಿಲ್ ಪಾಸ್ ಮಾಡಿ.